ಜೊಯೆಲ್‌ಳ ಹಾಜರಿ

ಬುಧವಾರ ಮಧ್ಯಾಹ್ನ ಲರಿಸಾ ಹಾಸ್ಟೆಲ್ಲಿನ ನೆಲಮಾಳಿಗೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಾಗ ಜೊಯೆಲ್‌ಳ ತಾಯಿಯ ಫೋನ್ ಬಂತು. ಸೆಪ್ಟೆಂಬರಿನಲ್ಲಿ ಮಗಳನ್ನು ಬಿಟ್ಟುಹೋಗಲು ಬಂದಿದ್ದಾಗ, ಇರಲಿ ಎಂದು ಪಕ್ಕದ ಕೋಣೆಯ ಹುಡುಗಿಯ ನಂಬರನ್ನೂ ತೆಗೆದುಕೊಂಡಿದ್ದ ಹೆಂಗಸು. ಇಷ್ಟು ದಿನ ಒಮ್ಮೆಯೂ ಮಾಡಿರಲಿಲ್ಲ.

"ಲರಿಸಾ? ನಾನು ನಿಕೋಲ್ ಥಿಬೋ, ಜೊಯೆಲ್ ಅಮ್ಮ. ಗಾಬರಿ ಆಗ್ಬೇಡ ಮಗಳೇ, ಏನೂ ಆಗಿಲ್ಲ. ನಮ್ಮ ಹುಡುಗಿ ಮುನಿಸಿಕೊಂಡು ಕೂತಿದ್ದಾಳೆ, ಅಷ್ಟೇ. ಭಾನುವಾರದಿಂದ ಫೋನೂ ಎತ್ತಲ್ಲ, ಮೆಸೇಜಿಗೂ ಉತ್ತರ ಇಲ್ಲ."

"ಹೌದಾ, ಮಿಸೆಸ್ ಥಿಬೋ?"

"ರೀಡಿಂಗ್ ವೀಕಿಗೆ ಮನೆಗೆ ಬರಲ್ಲ, ಲ್ಯಾಬ್ ಕೆಲಸ ಇದೆ ಅಂದ್ಲು. ಅವರಪ್ಪ ಸ್ವಲ್ಪ ರೇಗಿದ್ರು. ಅಷ್ಟಕ್ಕೇ ಇಷ್ಟು ಉದ್ದ ಮುಖ! ಒಂದು ಸಲ ಫೋನ್ ಮಾಡು ಅಂತ ಹೇಳಮ್ಮ ಅವಳಿಗೆ. ಅವರಪ್ಪ ಬಾಯಲ್ಲಿ ಹೇಳಲ್ಲ, ತಟ್ಟೆ ಮುಂದೆ ಕೂತು ಹಾಗೇ ಎದ್ದು ಹೋಗ್ತಾರೆ."

ಲರಿಸಾಳ ಕೈಯಲ್ಲಿ ಕಾಲುಚೀಲ ಇತ್ತು, ಅದು ಹಾಗೇ ಉಳಿಯಿತು. ರೀಡಿಂಗ್ ವೀಕ್ ಅಂದರೆ ಫೆಬ್ರುವರಿ ನಡುವಿನ ರಜೆ, ಹೋದ ವಾರವಷ್ಟೇ ಮುಗಿದದ್ದು. ಆ ರಜೆಗೆ ಮನೆಗೆ ಹೋಗುತ್ತಿದ್ದೇನೆ ಎಂದು ಜೊಯೆಲ್ ಅವಳಿಗೆ ಮೆಸೇಜು ಕಳಿಸಿದ್ದಳು. ಹೋಗಿ ಅಮ್ಮನ ಕೈ ಊಟ ಮಾಡಿ ಬರಲಿ, ಸರಿಹೋಗುತ್ತಾಳೆ ಎಂದುಕೊಂಡೇ ಲರಿಸಾ ತನ್ನ ಊರಿನ ಬಸ್ಸು ಹತ್ತಿದ್ದಳು.

"ಸೋಮವಾರ ನನ್ನ ಜೀವ ತಡೀಲಿಲ್ಲ," ತಾಯಿ ಹೇಳುತ್ತಲೇ ಇದ್ದಳು. "ಸೀದಾ ಯೂನಿವರ್ಸಿಟಿ ಆಫೀಸಿಗೆ ಫೋನ್ ಹಚ್ಚಿದೆ. ದೊಡ್ಡವರಾದ ವಿದ್ಯಾರ್ಥಿಗಳ ವಿಷಯ ನಾವು ಹೇಳೋ ಹಾಗಿಲ್ಲ ಅಂದ್ರು. ನಾನು ಅತ್ತೇಬಿಟ್ಟೆ. ಪಾಪ, ಆ ಹೆಂಗಸಿಗೂ ಮಕ್ಕಳಿದಾವಂತೆ. ‘ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡಮ್ಮ, ನಿನ್ನ ಮಗಳು ಇವತ್ತು ಬೆಳಗ್ಗೆ ಬಯಾಲಜಿ ಕ್ಲಾಸಲ್ಲಿ ಕೂತು ಪ್ರಶ್ನೆಗೆಲ್ಲ ಉತ್ತರ ಕೊಟ್ಟಿದ್ದಾಳೆ, ಅದೂ ಸರಿ ಉತ್ತರ’ ಅಂದ್ರು. ಆಮೇಲೆ ನೋಡು ನಂಗೆ ಕಣ್ಣಿಗೆ ನಿದ್ದೆ ಹತ್ತಿದ್ದು."

ಆ ಸರಿ ಉತ್ತರ ಕೊಟ್ಟವಳು ಲರಿಸಾಳೇ.

"ಹೇಳ್ತೀನಿ," ಎಂದಳು.

ಕ್ಲಿಕ್ಕರ್ ಎಂಬ ಆ ಸಾಮಾನಿನ ವಿಷಯ ಹೇಳಿಬಿಡಬೇಕು. ಮೊದಲ ವರ್ಷದ ಜೀವಶಾಸ್ತ್ರಕ್ಕೆ ಸಾವಿರದ ಚಿಲ್ಲರೆ ಮಕ್ಕಳು. ಗುಮ್ಮಟದ ಹಳೆಯ ಸಭಾಂಗಣದಲ್ಲಿ ಕೆಳಗೆ, ಮೇಲೆ, ಅದಕ್ಕೂ ಮೇಲಿನ ಬಾಲ್ಕನಿಯಲ್ಲಿ ಒತ್ತಾಗಿ ಕೂರುತ್ತಾರೆ. ವೇದಿಕೆಯ ಮೇಲೆ ಹೆಬ್ಬೆರಳುದ್ದ ಕಾಣುವ ಪ್ರೊಫೆಸರಿಗೆ ಅವರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ, ಗೊತ್ತಿರಬೇಕೆಂದು ಕೇಳುವುದೂ ಅನ್ಯಾಯ. ಅದಕ್ಕೇ ಪ್ರತಿಯೊಬ್ಬರ ಕೈಗೂ ಟಿವಿ ರಿಮೋಟಿನಂಥದೊಂದು ಡಬ್ಬಿ. ಪರದೆಯ ಮೇಲೆ ಪ್ರಶ್ನೆ ಬಂದಾಗ ಎ, ಬಿ, ಸಿ, ಡಿ ಯಾವುದಾದರೊಂದು ಒತ್ತಬೇಕು. ಒತ್ತಿದರೆ ಹಾಜರಿ, ಸರಿಯಾದದ್ದನ್ನು ಒತ್ತಿದರೆ ಇನ್ನಷ್ಟು ಅಂಕ. ಇನ್ನೊಬ್ಬರ ಕ್ಲಿಕ್ಕರ್ ಒತ್ತುವುದೂ ಇನ್ನೊಬ್ಬರ ಪರೀಕ್ಷೆ ಬರೆಯುವುದೂ ಒಂದೇ ಎಂದು ಮೊದಲ ದಿನವೇ ಗದರಿಸಿದ್ದರು. ಎಲ್ಲರೂ ತಲೆಯಾಡಿಸಿದ್ದರು. ಹಿಮ ಬೀಳತೊಡಗುವ ಹೊತ್ತಿಗೆ ಸಾಲಿಗೊಬ್ಬರ ಕೈಯಲ್ಲಿ ಎರಡೆರಡು ಕ್ಲಿಕ್ಕರ್.

ಜೊಯೆಲ್ ಬಂದದ್ದು ಒಂಟಾರಿಯೊದ ಉತ್ತರದ ಹರ್ಸ್ಟ್ ಎಂಬ ಊರಿನಿಂದ. ಮರ ಕಡಿದು ಸಾಗಿಸುವ ಊರು, ಮನೆಯಲ್ಲೂ ಶಾಲೆಯಲ್ಲೂ ಫ್ರೆಂಚ್. ಅಪ್ಪ ದಿಮ್ಮಿ ಹೇರುವ ಲಾರಿಯ ಡ್ರೈವರ್. ಅವಳ ತರಗತಿಯಲ್ಲಿ ಇದ್ದದ್ದೇ ಇಪ್ಪತ್ತು ಮಕ್ಕಳು, ಅವಳೇ ಎಲ್ಲದರಲ್ಲೂ ಮೊದಲು. "ಊರಲ್ಲಿ ಬೇಕರಿಯವನು ಈಗ್ಲೇ ನನ್ನ ಡಾಕ್ಟ್ರೇ ಅಂತ ಕರೀತಾನೆ ಕಣೆ," ಎಂದು ಮೊದಲ ವಾರ ಹೇಳಿಕೊಂಡು ನಕ್ಕಿದ್ದಳು. ಲರಿಸಾ ಥಂಡರ್ ಬೇ ಎಂಬ ಊರಿನವಳು. ಅವಳ ಅಜ್ಜಿ ಆಲೂಗಡ್ಡೆ ತುಂಬಿದ ಪೆರೋಗಿ ಎಂಬ ಕಡುಬುಗಳನ್ನು ಡಬ್ಬಗಟ್ಟಲೆ ಮಾಡಿ ಕಳಿಸುವಳು. ಇಬ್ಬರೂ ಕೋಣೆಯ ನೆಲದ ಮೇಲೆ ಕೂತು ಅದನ್ನು ಬೆಣ್ಣೆ ಈರುಳ್ಳಿಯಲ್ಲಿ ಅದ್ದಿ ತಿನ್ನುತ್ತ, ಕ್ಯಾಂಟೀನಿನ ಅನ್ನವನ್ನು ಬಾಯ್ತುಂಬ ಬೈಯುತ್ತಿದ್ದರು. ಪ್ರೊಫೆಸರು ಕೆಮ್ಮುವುದನ್ನು ಜೊಯೆಲ್ ಮಾಡಿ ತೋರಿಸಿದರೆ ಲರಿಸಾ ಹೊಟ್ಟೆ ಹಿಡಿದುಕೊಂಡು ಹೊರಳಾಡುವಳು.

ಅಕ್ಟೋಬರಿನ ಪರೀಕ್ಷೆಯಲ್ಲಿ ಜೊಯೆಲ್ ಫೇಲಾದಳು. ಡಿಸೆಂಬರಿನಲ್ಲಿ ಅಂಚಿನಲ್ಲಿ ಪಾಸು. ಊರಿಗೆ ಹೋದಾಗ ಯಾರಿಗೂ ಹೇಳಲಿಲ್ಲ. ಬೇಕರಿಯವನು ಡಾಕ್ಟ್ರೇ ಎಂದನಂತೆ, ಇವಳು ಬ್ರೆಡ್ಡು ತೆಗೆದುಕೊಂಡು ಬಂದಳಂತೆ. ಜನವರಿಯಲ್ಲಿ ಮರಳಿದವಳು ಬೆಳಗ್ಗೆ ಏಳುವುದನ್ನೇ ಬಿಟ್ಟಳು. ಒಂದು ದಿನ ಬಾಗಿಲನ್ನು ಒಂದು ಗೇಣು ತೆರೆದು ಕ್ಲಿಕ್ಕರನ್ನು ಹೊರಗೆ ಚಾಚಿದಳು.

"ಈ ವಾರ ಒಂದು ನನ್ನದೂ ಒತ್ತಿಬಿಡೇ. ನೆಗಡಿ."

"ನೆಗಡಿಗೆ ಹಾಸಿಗೆ ಹಿಡಿದ ಮಹಾರಾಣಿ! ತಾ ಇಲ್ಲಿ."

ವಾರ ಎರಡಾಯಿತು, ಮೂರಾಯಿತು. ನೆಗಡಿಯ ಮಾತನ್ನು ಇಬ್ಬರೂ ಬಿಟ್ಟರು. ಸೋಮವಾರ, ಬುಧವಾರ, ಶುಕ್ರವಾರ ಲರಿಸಾ ಎರಡು ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಎರಡರಲ್ಲೂ ಒಂದೇ ಉತ್ತರ ಒತ್ತಿದರೆ ಸಿಕ್ಕಿಬೀಳಬಹುದೆಂದು, ಉತ್ತರ ಖಾತ್ರಿಯಿಲ್ಲದಾಗ ತನ್ನದರಲ್ಲಿ ಒಂದು, ಜೊಯೆಲ್‌ಳದರಲ್ಲಿ ಇನ್ನೊಂದು ಒತ್ತುವಳು. ತಮಾಷೆಯೆಂದರೆ ಜೊಯೆಲ್‌ಳ ಅಂಕ ಲರಿಸಾಳನ್ನೇ ಮೀರಿಸಿತು. "ನೀನು ಮಲಗಿಕೊಂಡೇ ಎಂಟು ಅಂಕ ಹೊಡೆದಿದ್ದೀಯ, ನಾನು ಎಚ್ಚರವಾಗಿದ್ದು ಆರು," ಎಂದು ಮೆಸೇಜು ಹಾಕಿದ್ದಳು. ಆ ಕಡೆಯಿಂದ ನಗುವ ಮುಖವೊಂದು ಬಂದಿತ್ತು.

ಸತ್ಯ ಹೇಳಬೇಕೆಂದರೆ, ಆ ಹೊತ್ತಿಗೆ ಲರಿಸಾಳಿಗೆ ಜೊಯೆಲ್‌ಳ ಕೋಣೆಗೆ ಹೋಗುವುದು ಬೇಡವಾಗಿತ್ತು. ಎಳೆದ ಪರದೆ, ತೊಳೆಯದ ಲೋಟಗಳು, ಏನು ಕೇಳಿದರೂ "ಹೂಂ" ಎನ್ನುವ ಹುಡುಗಿ. ಅರ್ಧ ಗಂಟೆ ಕೂತು ಎದ್ದು ಬಂದರೆ ತನಗೂ ಓದಲು ಮನಸ್ಸಾಗುತ್ತಿರಲಿಲ್ಲ. ಮುಂದಿನ ವರ್ಷ ಫಾರ್ಮಸಿ ಕಾಲೇಜಿನ ಸೀಟಿಗೆ ಅವಳು ಅರ್ಜಿ ಹಾಕಿದ್ದಳು. ಆ ಸೀಟಿಗೆ ಹತ್ತು ಜನ ಬಾಯಿ ಬಿಟ್ಟುಕೊಂಡು ಕಾಯುತ್ತಾರೆ. ಕ್ಲಿಕ್ಕರ್ ಅವಳಿಗೆ ಒಳ್ಳೆಯ ನೆಪವಾಯಿತು. ದಿನಕ್ಕೆ ನಾಲ್ಕು ಸಲ ಗುಂಡಿ ಒತ್ತಿದರೆ ಗೆಳತಿಗಾಗಿ ಏನೋ ಮಾಡಿದ ಸಮಾಧಾನ, ಬಾಗಿಲು ತಟ್ಟುವ ಕೆಲಸ ಇಲ್ಲ. ಇಂಥ ಉಪಕಾರ ಮಾಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಈಗ ಅವಳು ಅರ್ಧ ಮಡಚಿದ ಬಟ್ಟೆಯನ್ನು ಬುಟ್ಟಿಗೆ ತುರುಕಿ ಏದುಸಿರು ಬಿಡುತ್ತ ಐದನೇ ಮಹಡಿಗೆ ಬಂದಳು. ಬಾಗಿಲು ತಟ್ಟಿದಳು. ಹೆಸರು ಹಿಡಿದು ಕೂಗಿದಳು. ಆಮೇಲೆ ಅಂಗೈಯಿಂದ ಬಡಿದಳು. ಒಳಗಿನಿಂದ ಒಂದು ಸದ್ದೂ ಇಲ್ಲ. ಫೋನು ಮಾಡಿದರೆ ಸ್ವಿಚ್ಡ್ ಆಫ್.

ಮಹಡಿಯನ್ನು ನೋಡಿಕೊಳ್ಳಲು ನೇಮಿಸಿದ್ದ ನಾಲ್ಕನೇ ವರ್ಷದ ಹುಡುಗ ಕೀರನ್ ಮೂಲೆಯ ಕೋಣೆಯಲ್ಲಿ ನೂಡಲ್ಸ್ ತಿನ್ನುತ್ತಿದ್ದ. ಒಳ್ಳೆಯ ಹುಡುಗನೇ, ಆದರೆ ನಿಯಮಗಳ ತರಬೇತಿ ತೆಗೆದುಕೊಂಡಿದ್ದ.

"ಜೊಯೆಲ್ ಬಾಗಿಲು ತೆಗೀತಿಲ್ಲ ಕೀರನ್. ಒಂದ್ಸಲ ತೆಗೆಸಿ ನೋಡೋಣ."

"ಮಲಗಿರ್ತಾಳೆ."

"ಫೋನೂ ಆಫ್ ಆಗಿದೆ. ಅವಳಮ್ಮ ಫೋನ್ ಮಾಡಿದ್ರು."

"ಗೊತ್ತು ಮಾರಾಯ್ತಿ, ಸೋಮವಾರ ನಂಗೂ ಮೇಲಿಂದ ಫೋನ್ ಬಂತು. ಅವರೇ ರೆಕಾರ್ಡು ನೋಡಿದ್ರು, ಕ್ಲಾಸಿಗೆ ಸರಿಯಾಗಿ ಹೋಗ್ತಿದ್ದಾಳೆ. ಇವತ್ತು ಮತ್ತೆ ನೋಡಿ ಹೇಳಿದ್ರು, ಬೆಳಗ್ಗೇನೂ ಹೋಗಿದ್ದಾಳಂತೆ." ಅವನು ನೂಡಲ್ಸನ್ನು ಫೋರ್ಕಿಗೆ ಸುತ್ತಿಕೊಂಡ. "ದೊಡ್ಡ ಹುಡುಗಿ, ಕ್ಲಾಸಿಗೆ ಹೋಗ್ತಾಳೆ, ಅಮ್ಮನ ಹತ್ರ ಮಾತಾಡೋಕೆ ಇಷ್ಟ ಇಲ್ಲ. ಅಂಥವಳ ರೂಮಿಗೆ ನುಗ್ಗಿದ್ರೆ ನನ್ನ ಚರ್ಮ ಸುಲೀತಾರೆ. ಲೈಬ್ರರಿಲಿ ನೋಡಿದ್ಯಾ?"

ಲರಿಸಾ ಲೈಬ್ರರಿಗೆ ಹೋದಳು. ಹೋಗಬೇಕಾಗಿರಲಿಲ್ಲ, ಅಲ್ಲಿ ಅವಳಿಲ್ಲವೆಂದು ಕಾಲುಗಳಿಗೂ ಗೊತ್ತಿತ್ತು. ಆದರೂ ಎಲ್ಲ ಮಹಡಿಗಳನ್ನೂ ಹತ್ತಿ ಇಳಿದಳು. ಸ್ಕಾರ್ಫಿನಲ್ಲಿ ಮೂಗು ಮುಚ್ಚಿಕೊಂಡು ಕ್ಯಾಂಟೀನು, ವ್ಯಾಯಾಮಶಾಲೆ, ಫ್ರೆಂಚ್ ವಿಭಾಗದ ಮೊಗಸಾಲೆ ಎಲ್ಲ ಸುತ್ತಿದಳು. ದಾರಿಯುದ್ದಕ್ಕೂ ತಲೆಯಲ್ಲಿ ವಕೀಲರು ಕೂತು ವಾದ ನಡೆಸಿದ್ದರು. ಹೇಳಿದರೆ ನನ್ನೊಬ್ಬಳ ಮಾನವೇ ಅಲ್ಲ, ಅವಳದೂ ಹೋಗುತ್ತದೆ, ಅವಳನ್ನೂ ಮೋಸಗಾತಿ ಎಂದು ಬರೆಯುತ್ತಾರೆ. ನಾಳೆಯವರೆಗೆ ಕಾಯೋಣ, ತಾನೇ ಬಂದುಬಿಟ್ಟರೆ? ಎಲ್ಲೋ ಯಾವನದೋ ಜೊತೆ ಇದ್ದರೆ? ಸುಮ್ಮನೆ ಊರೆಲ್ಲ ರಂಪ ಮಾಡಿ ಸೀಟು ಕಳೆದುಕೊಂಡ ಪೆದ್ದಿ ನಾನಾಗುವುದಿಲ್ಲವೇ? ಎಲ್ಲ ವಾದವೂ ಚೆನ್ನಾಗಿಯೇ ಇತ್ತು. ಎಲ್ಲವೂ ಕೊನೆಗೆ ಬಾಯಿ ಮುಚ್ಚಿಕೊಂಡಿರು ಎಂದೇ ಹೇಳುತ್ತಿದ್ದವು. ಲರಿಸಾಳಿಗೆ ತನ್ನ ಮೇಲೆ ಹೇಸಿಗೆ ಬಂತು.

ಕತ್ತಲಾಗುವ ಮುಂಚೆ ಮತ್ತೆ ಕೀರನ್‌ನ ಬಾಗಿಲಲ್ಲಿ ನಿಂತಳು. ಬೂಟಿನ ಹಿಮ ಕರಗಿ ಅವನ ಚಾಪೆ ಒದ್ದೆಯಾಗುತ್ತಿತ್ತು.

"ಸಿಕ್ಕಿದ್ಲಾ?"

"ಅವಳು ಸೋಮವಾರ ಕ್ಲಾಸಿಗೆ ಬಂದಿರಲಿಲ್ಲ. ಇವತ್ತೂ ಇಲ್ಲ."

"ಲೇ, ರೆಕಾರ್ಡಿನಲ್ಲಿ—"

"ಅದನ್ನ ಒತ್ತಿದ್ದು ನಾನು. ತಿಂಗಳಿಂದ ನಾನೇ ಒತ್ತುತ್ತಿದ್ದೀನಿ. ಅವಳನ್ನ ನಾನು ಕಣ್ಣಾರೆ ನೋಡಿ ಎಷ್ಟು ದಿನ ಆಯ್ತು ಅಂತ ನಂಗೇ ಗೊತ್ತಿಲ್ಲ, ಕೀರನ್. ಮನೆಗೆ ಹೋಗ್ತೀನಿ ಅಂತ ನಂಗೆ ಹೇಳಿದ್ಲು, ಇಲ್ಲೇ ಇರ್ತೀನಿ ಅಂತ ಮನೇಲಿ ಹೇಳಿದ್ಲು."

ಕೀರನ್ ಅವಳ ಮುಖವನ್ನೇ ನೋಡಿದ. ಬೈಯಬಹುದಿತ್ತು, ಬೈಯಲಿಲ್ಲ. ಮೇಜಿನ ಮೇಲಿದ್ದ ಫೋನನ್ನು ತೆಗೆದುಕೊಂಡು ನಂಬರ್ ಒತ್ತಿದ.

ಕ್ಯಾಂಪಸ್ಸಿನ ಕಾವಲು ಅಧಿಕಾರಿ ಬಂದು ಬೀಗ ತೆಗೆದಳು. "ನೀವಿಬ್ಬರೂ ಹೊರಗೇ ಇರಿ," ಎಂದಳು. ಲರಿಸಾ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಒಳಗಿನಿಂದ ಏನು ಕೇಳಿಸಬಹುದೆಂದು ಕಾಯುತ್ತ ನಿಂತ ಆ ಹೊತ್ತಿನಲ್ಲಿ ಅವಳಿಗೆ ಫಾರ್ಮಸಿ ಸೀಟು ನೆನಪಿಗೇ ಬರಲಿಲ್ಲ.

"ಯಾರೂ ಇಲ್ಲ," ಎಂದಳು ಅಧಿಕಾರಿ.

ಹಾಸಿಗೆ ಅಚ್ಚುಕಟ್ಟಾಗಿ ಹಾಸಿತ್ತು. ಲೋಟಗಳೆಲ್ಲ ತೊಳೆದು ಬೋರಲು ಹಾಕಿದ್ದವು. ಅಷ್ಟು ದಿನ ಎಳೆದೇ ಇದ್ದ ಪರದೆ ಸರಿಸಿತ್ತು. ಬೆನ್ನಿಗೆ ಹಾಕುವ ಚೀಲ ಕಾಣಲಿಲ್ಲ. ಆ ಅಚ್ಚುಕಟ್ಟು ನೋಡಿ ಲರಿಸಾ ಹೆದರಿದಳು. ಕೊಳಕಾಗಿಯೇ ಇದ್ದಿದ್ದರೆ ಚೆನ್ನಾಗಿತ್ತು.

ತಾಯಿಗೆ ನಾವೇ ತಿಳಿಸುತ್ತೇವೆ ಎಂದು ಅಧಿಕಾರಿ ಹೇಳಿದಳು. ಬೇಡ, ನಾನೇ ಮಾಡುತ್ತೇನೆ ಎಂದಳು ಲರಿಸಾ. ಧೈರ್ಯದಿಂದಲ್ಲ, ಬೇರೆಯವರ ಬಾಯಲ್ಲಿ ಅದು ಇನ್ನೂ ಕೆಟ್ಟದಾಗಿ ಕೇಳಿಸೀತು ಎಂಬ ಭಯದಿಂದ.

"ಹೇಳಿದ್ಯಾ ಮಗಳೇ ಅವಳಿಗೆ? ಏನಂದ್ಲು?" ನಿಕೋಲ್‌ಳ ದನಿಯ ಹಿಂದೆ ಒಲೆಯ ಮೇಲೆ ಏನೋ ಚುರುಗುಟ್ಟುತ್ತಿತ್ತು.

"ಮಿಸೆಸ್ ಥಿಬೋ, ಜೊಯೆಲ್ ಇಲ್ಲಿ ಇಲ್ಲ. ರೂಮಲ್ಲಿ ಇಲ್ಲ. ಪೊಲೀಸರಿಗೆ ಹೇಳಿದ್ದಾರೆ."

"ಇಲ್ಲ ಅಂದ್ರೆ? ಕ್ಲಾಸಿಗೆ ಹೋಗಿದ್ಲಲ್ಲ."

"ಹೋಗಿರಲಿಲ್ಲ."

"ಸೋಮವಾರ ಹೋಗಿದ್ಲಲ್ಲ! ಆಫೀಸಿನವರು ಹೇಳಿದ್ರಲ್ಲ. ಸೋಮವಾರ ಕ್ಲಾಸಲ್ಲಿ ಇದ್ದದ್ದು ಮತ್ತೆ ಯಾರು?"

"ನಾನು. ಅವಳದು ನಾನೇ ಒತ್ತಿದೆ. ಅವಳಿಗೆ ಅಂಕ ಹೋಗಬಾರದು ಅಂತ."

ಆ ಕಡೆ ಒಲೆ ಆರಿಸಿದ ಸದ್ದಾಯಿತು. ಲರಿಸಾ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ನಿಂತಿದ್ದಳು.

"ನಾನು ನಿದ್ದೆ ಮಾಡಿದೆನಲ್ಲೇ," ಎಂದಳು ನಿಕೋಲ್. "ಸೋಮವಾರ ರಾತ್ರಿ ಮಲಗಿದೆ. ನಿನ್ನೆ ರಾತ್ರೀನೂ ಮಲಗಿದೆ."

ಬೈದಿದ್ದರೆ ಲರಿಸಾ ತಡೆದುಕೊಳ್ಳುತ್ತಿದ್ದಳು. ಈ ಮಾತು ತಡೆದುಕೊಳ್ಳಲು ಆಗಲಿಲ್ಲ. ಮೊಗಸಾಲೆಯಲ್ಲೇ ಕುಸಿದು ಕೂತು ಅತ್ತಳು. ಪಕ್ಕದ ಕೋಣೆಯ ಹುಡುಗಿಯರು ಬಾಗಿಲು ತೆರೆದು ನೋಡಿ ಮೆಲ್ಲಗೆ ಮುಚ್ಚಿಕೊಂಡರು.

ಅವಳು ಸಿಕ್ಕಿದ್ದು ಶುಕ್ರವಾರ, ಜೀವಂತವಾಗಿ. ಈ ಮಾತನ್ನು ಬೇಗ ಹೇಳಿಬಿಡುವುದೇ ವಾಸಿ, ಲರಿಸಾಳನ್ನು ಕಾಯಿಸಿದಂತೆ ಓದುವವರನ್ನು ಕಾಯಿಸಬೇಕಾಗಿಲ್ಲ. ಬ್ಯಾಂಕ್ ಕಾರ್ಡು ಎಲ್ಲಿ ಬಳಸಿದ್ದಾಳೆಂದು ಹುಡುಕಿ ಪೊಲೀಸರು ಹೋದರು. ಜೊಯೆಲ್ ರಜೆಯ ಮೊದಲ ದಿನ ಊರಿನ ಬಸ್ಸನ್ನೇ ಹತ್ತಿದ್ದಳು. ಅರ್ಧ ದಾರಿಯಲ್ಲಿ, ನಾರ್ತ್ ಬೇಯಲ್ಲಿ, ಚಾಲಕ ಕಾಫಿಗೆ ನಿಲ್ಲಿಸಿದಾಗ ಇಳಿದವಳು ಮತ್ತೆ ಹತ್ತಲಿಲ್ಲ. ಊರಿಗೆ ಹೋಗಿ ಮುಖ ತೋರಿಸುವುದೂ ಆಗಲಿಲ್ಲ, ಹಿಂದಕ್ಕೆ ಬರುವುದೂ ಆಗಲಿಲ್ಲ. ಹೆದ್ದಾರಿ ಪಕ್ಕದ ಒಂದು ಮೋಟೆಲಿನಲ್ಲಿ ಕೋಣೆ ಹಿಡಿದು, ಲ್ಯಾಬ್ ಕೆಲಸವೆಂದು ಮನೆಗೆ ಹೇಳಿ, ಮಲಗಿಬಿಟ್ಟಿದ್ದಳು. ಪೊಲೀಸರು ಹೋದಾಗ ತಿಂದು ಎಷ್ಟು ದಿನವಾಗಿತ್ತೋ, ಎದ್ದು ನಿಲ್ಲಲು ಶಕ್ತಿ ಇರಲಿಲ್ಲ. ಇನ್ನು ಒಂದೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರಂತೆ. ಕೀರನ್ ಬಂದು ಇದನ್ನೆಲ್ಲ ಹೇಳಿದಾಗ ಲರಿಸಾ ಅವನ ಭುಜಕ್ಕೆ ಗುದ್ದಿದಳು, ಮತ್ತೆ ಅವನನ್ನೇ ತಬ್ಬಿಕೊಂಡಳು.

ಮುಂದಿನ ವಾರ ಕಳೆದು ಶನಿವಾರ ನಿಕೋಲ್ ಮಗಳ ಸಾಮಾನು ಒಯ್ಯಲು ಪಿಕಪ್ ಟ್ರಕ್ ತಂದಳು. ದಪ್ಪ ಕೋಟು ಹಾಕಿದ ಗಿಡ್ಡ ಹೆಂಗಸು. ಲರಿಸಾ ಬಾಗಿಲಲ್ಲಿ ನಿಂತು ತಾನೂ ಸಹಾಯ ಮಾಡಲೇ ಎಂದು ಕೇಳಿದಳು. ನಿಕೋಲ್ ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಒಂದು ರಟ್ಟಿನ ಪೆಟ್ಟಿಗೆಯನ್ನು ಅವಳ ಕಡೆಗೆ ಕಾಲಿನಿಂದ ತಳ್ಳಿದಳು. ಇಬ್ಬರೂ ಮಾತಿಲ್ಲದೆ ಪುಸ್ತಕ ತುಂಬಿದರು. ಒಂದೆರಡು ಪುಸ್ತಕಗಳ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿಯೇ ಇರಲಿಲ್ಲ. ಅದನ್ನು ನೋಡಿ ನಿಕೋಲ್ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು.

"ಕೆಳಗೆ ಗಾಡಿಲಿ ಕೂತಿದ್ದಾಳೆ," ಎಂದಳು ಕೊನೆಗೆ. "ಮೇಲೆ ಬರಲ್ಲ ಅಂದ್ಲು. ಈ ಪೆಟ್ಟಿಗೆ ನೀನೇ ತಗೊಂಡು ಹೋಗು. ನಾನು ಬೀಗದ ಕೈ ಒಪ್ಪಿಸಿ ಬರ್ತೀನಿ."

ಜೊಯೆಲ್ ಮುಂದಿನ ಸೀಟಿನಲ್ಲಿ ಅಪ್ಪನ ದೊಡ್ಡ ಜಾಕೆಟ್ಟಿನೊಳಗೆ ಕೂತಿದ್ದಳು. ಮುಖ ಇಷ್ಟೇ ಇಷ್ಟಾಗಿತ್ತು. ಲರಿಸಾ ಪೆಟ್ಟಿಗೆಯನ್ನು ಹಿಂದೆ ಇಟ್ಟು ಕಿಟಕಿಯ ಹತ್ತಿರ ಬಂದಾಗ ಗಾಜು ಇಳಿಸಿದಳು.

"ನಿನ್ನ ಸೀಟು ಹೋಯ್ತಂತಲ್ಲ," ಎಂದಳು.

"ಇನ್ನೂ ಹೋಗಿಲ್ಲ. ಸೋಮವಾರ ವಿಚಾರಣೆ. ಹೋಗತ್ತೆ ಬಿಡು."

"ಕ್ಲಿಕ್ಕರ್ ಕೊಟ್ಟೋಳು ನಾನೇ ಅಲ್ವಾ."

"ತಗೊಂಡೋಳು ನಾನು. ಬೈಯೇ ಜೊಯೆಲ್. ನಿಂಗೆ ಕೈ ಮುಗೀತೀನಿ, ಒಂದ್ಸಲ ಬೈದುಬಿಡು. ನಿನ್ನ ರೂಮಿಗೆ ಬರೋಕೆ ನಂಗೆ ಬೇಜಾರಾಗ್ತಿತ್ತು, ಅದಕ್ಕೇ ಒತ್ತುತ್ತಿದ್ದೆ. ಅಂಕಕ್ಕಲ್ಲ."

"ಗೊತ್ತಿತ್ತು." ಜೊಯೆಲ್‌ಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಂಗೂ ನನ್ನ ರೂಮಲ್ಲಿ ಇರೋಕೆ ಬೇಜಾರಾಗ್ತಿತ್ತು."

ಇಬ್ಬರಿಗೂ ನಗು ಬಂದಂತಾಯಿತು, ನಗಲಿಲ್ಲ. ಅಂಗಳದಲ್ಲಿ ಯಾರೋ ಹಿಮ ಎತ್ತುವ ಸಲಿಕೆಯನ್ನು ನೆಲಕ್ಕೆ ಕೆರೆಯುತ್ತಿದ್ದರು.

"ನಿಂಗೊಂದು ಹೇಳ್ತೀನಿ, ಅಮ್ಮನಿಗೆ ಹೇಳಿಲ್ಲ," ಎಂದಳು ಜೊಯೆಲ್. "ರಜೆ ಹಿಂದಿನ ಶುಕ್ರವಾರ ನಾನು ಕ್ಲಾಸಿಗೆ ಬಂದಿದ್ದೆ."

"ಯಾವಾಗ? ನಾನು ನೋಡ್ಲಿಲ್ಲ."

"ಆವತ್ತು ಯಾಕೋ ಬೆಳಗ್ಗೆ ಎಚ್ಚರ ಆಯ್ತು. ಎಷ್ಟು ದಿನದ ಮೇಲೆ ತಲೆಗೆ ಸ್ನಾನ ಮಾಡ್ದೆ. ಇವತ್ತಿಂದ ಸರಿಯಾಗ್ತೀನಿ ಅನ್ನಿಸ್ತು. ಬರೋ ಹೊತ್ತಿಗೆ ತಡ ಆಗಿತ್ತು, ಮೇಲಿನ ಬಾಲ್ಕನಿಗೆ ಹೋದೆ. ನೀನು ಕೆಳಗೆ ಕೂತಿದ್ದೆ. ಆ ಪ್ರಶ್ನೆ ಮುಗಿದ ಕೂಡ್ಲೇ ಇಳಿದು ಬಂದು ನಿನ್ನ ಪಕ್ಕ ಕೂತು ಬೆಚ್ಚಿಬೀಳಿಸೋಣ ಅಂತ ಇದ್ದೆ."

"ಮತ್ಯಾಕೆ ಬರಲಿಲ್ಲ?"

"ನೀನು ನಿನ್ನದು ಒತ್ತಿದೆ. ಆಮೇಲೆ ನನ್ನದನ್ನ ಕೈಲಿ ಹಿಡ್ಕೊಂಡು ಎಷ್ಟು ಯೋಚನೆ ಮಾಡಿದೆ ಗೊತ್ತಾ? ಹುಬ್ಬು ಗಂಟು ಹಾಕ್ಕೊಂಡು. ನಾನಾಗಿದ್ರೆ ಅಷ್ಟು ಯೋಚನೆ ಮಾಡ್ತಿರಲಿಲ್ಲ. ಒತ್ತಿದೆ. ಸರಿ ಉತ್ತರ ಪರದೆ ಮೇಲೆ ಬಂತು, ನಿನ್ನ ಮುಖ ನೋಡಿದ್ರೇ ಗೊತ್ತಾಯ್ತು, ನಂದು ಸರಿ ಇತ್ತು." ಜೊಯೆಲ್ ಜಾಕೆಟ್ಟಿನ ತೋಳನ್ನು ಎಳೆದು ಕೈ ಮುಚ್ಚಿಕೊಂಡಳು. "ಜೊಯೆಲ್ ಥಿಬೋ ಅಲ್ಲಿ ಚೆನ್ನಾಗೇ ನಡೀತಿದ್ಲು. ನಾನು ಬಂದು ಒಬ್ಬಳು ಹೆಚ್ಚಾದೆ ಅನ್ನಿಸ್ತು. ಎದ್ದು ಹೋಗಿ ಲೋಟ ತೊಳೆದೆ."

ಲರಿಸಾ ಕಿಟಕಿಯೊಳಗೆ ಕೈ ಹಾಕಿ ಜಾಕೆಟ್ಟಿನ ತೋಳನ್ನು ಹಿಡಿದುಕೊಂಡಳು. ಜೊಯೆಲ್ ಕೈ ಬಿಡಿಸಿಕೊಳ್ಳಲಿಲ್ಲ. ನಿಕೋಲ್ ಬಂದು ಎಂಜಿನ್ ಚಾಲೂ ಮಾಡುವವರೆಗೂ ಇಬ್ಬರೂ ಹಾಗೇ ಇದ್ದರು.

ಸೋಮವಾರ ಡೀನ್ ಕಚೇರಿಯಲ್ಲಿ ಲಿಂಡ್‌ಗ್ರೆನ್ ಎಂಬ ಹೆಂಗಸು ಲರಿಸಾಳನ್ನು ಕೂರಿಸಿ ನೀರು ಕೊಟ್ಟಳು. ಮೃದುವಾಗಿಯೇ ಮಾತಾಡಿದಳು. ಶಿಕ್ಷೆ ಆಗುತ್ತದೆ, ಈ ವರ್ಷ ಫಾರ್ಮಸಿಯ ಆಸೆ ಬಿಡಬೇಕು, ಆದರೆ ತಾನಾಗಿ ಬಂದು ಹೇಳಿದ್ದನ್ನೂ ಬರೆಯುತ್ತೇನೆ ಎಂದಳು. ಲರಿಸಾ ಎಲ್ಲದಕ್ಕೂ ತಲೆಯಾಡಿಸಿದಳು. ಹೇಳಿದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡು ಲಿಂಡ್‌ಗ್ರೆನ್ ಒಮ್ಮೆ ಓದಿ ಹೇಳಿದಳು.

"‘ಆ ಅವಧಿಯಲ್ಲಿ ಜೊಯೆಲ್ ಥಿಬೋ ಒಂದು ತರಗತಿಗೂ ಬರಲಿಲ್ಲ.’ ಇದು ಸರಿ ತಾನೇ?"

"ಅದು ಸರಿ ಇಲ್ಲ. ಒಂದು ಸಲ ಬಂದಿದ್ಲು. ರಜೆ ಹಿಂದಿನ ಶುಕ್ರವಾರ."

"ಆ ದಿನ ಅವಳದನ್ನ ಒತ್ತಿದ್ದು ನೀನೇ ಅಂತ ಈಗ ತಾನೇ ಹೇಳಿದೆಯಲ್ಲಮ್ಮ."

"ಹೌದು, ನಾನೇ ಒತ್ತಿದ್ದು."

"ಹಾಗಿದ್ರೆ ಅವಳು ಬಂದಿದ್ದನ್ನ ಯಾರು ನೋಡಿದ್ದಾರೆ?"

"ಯಾರೂ ನೋಡಿಲ್ಲ," ಎಂದಳು ಲರಿಸಾ. "ಸಾವಿರ ಜನ ಇದ್ವಿ. ಒಬ್ಬರೂ ನೋಡಲಿಲ್ಲ. ನಾನೂ ತಲೆ ಎತ್ತಿ ನೋಡಲಿಲ್ಲ. ಆದರೂ ಬಂದಿದ್ಲು. ದಯವಿಟ್ಟು ಹಾಗಂತ ಬರ್ಕೊಳ್ಳಿ."